ಗಂಟೆ ಲೆಕ್ಕ

ಲಾರಿ ಕೆಟ್ಟು ನಿಲ್ಲುವುದು ಒಂದು ಕಾಲಕ್ಕೆ ಊರ ಮಂದಿಯ ವಿಷಯವಾಗಿತ್ತು. ಹಿರಿಯೂರಿನ ಹತ್ತಿರ ಹೈವೇ ಬದಿಯಲ್ಲಿ ಬಾನೆಟ್ ಎತ್ತಿಕೊಂಡು ಗಾಡಿಯೊಂದು ನಿಂತಿತೆಂದರೆ ಪಂಕ್ಚರ್ ಅಂಗಡಿಯ ಹುಡುಗ ಕೈಯಲ್ಲಿದ್ದ ಟ್ಯೂಬು ಬಿಟ್ಟು ಬರುತ್ತಿದ್ದ. ಟೀ ಅಂಗಡಿಯವನು ಕೈ ಒರೆಸಿಕೊಳ್ಳುತ್ತ ಬರುತ್ತಿದ್ದ. ಎದುರಿನಿಂದ ಬಂದ ಯಾವುದೋ ಊರಿನ ಡ್ರೈವರು ತನ್ನ ಗಾಡಿಯನ್ನು ಪಕ್ಕಕ್ಕೆ ಹಾಕಿ ಇಳಿಯುತ್ತಿದ್ದ. "ಏರ್ ಎಳಕಂಡೈತೆ" ಎಂದು ಒಬ್ಬ. "ಫಿಲ್ಟರ್ ಕಟ್ಟೈತೆ ನೋಡ್ರಿ" ಎಂದು ಇನ್ನೊಬ್ಬ. "ಡೀಸೆಲ್ ಎಲ್ಲಿ ಹಾಕ್ಸಿದ್ರಿ? ಆ ಬಂಕಾಗಾ? ಮುಗೀತು ಬಿಡ್ರಿ" ಎಂದು ಮತ್ತೊಬ್ಬ. ಬಸ್ಸಿಗೆ ಕಾದು ನಿಂತ ಮೇಷ್ಟರೂ ತಮ್ಮದೊಂದು ಅಭಿಪ್ರಾಯ ಹೇಳದೆ ಬಸ್ಸು ಹತ್ತುತ್ತಿರಲಿಲ್ಲ. ಇವುಗಳಲ್ಲಿ ಮುಕ್ಕಾಲು ಪಾಲು ಮಾತು ಸುಳ್ಳಾಗುತ್ತಿತ್ತು. ಆದರೂ ಯಾರೂ ಯಾರನ್ನೂ ಆಚೆ ಕಳಿಸುತ್ತಿರಲಿಲ್ಲ. ಕೆಟ್ಟದ್ದು ಯಾವುದೇ ಇರಲಿ, ಅದು ಕಣ್ಣಿಗೆ ಕಾಣುವ, ಕೈಗೆ ಸಿಗುವ, ಮೂಗಿಗೆ ಬಡಿಯುವ ವಸ್ತುವಾಗಿತ್ತು. ಹಾಗಾಗಿ ನೋಡಿದವರೆಲ್ಲ ಮಾತಾಡಬಹುದಿತ್ತು.

ನಾನು ಲಾರಿ ಓಡಿಸಿದವನಲ್ಲ. ರಜೆ ಬಂದರೆ ಚಿಕ್ಕಪ್ಪನ ಗಾಡಿಯಲ್ಲಿ ಕ್ಲೀನರ್ ಪಕ್ಕ ಕೂತು ಊರೂರು ನೋಡಿದವನು. ಚಿಕ್ಕಪ್ಪನದು ಟಾಟಾ 1210. ಲಾರಿಯವರಿಗೆ ಆ ಸಂಖ್ಯೆಯೇ ಹೆಸರು: ಮೊದಲಿನ 12 ಎಂದರೆ ಲೋಡು ಸೇರಿ ಹನ್ನೆರಡು ಟನ್ನಿನ ಗಾಡಿ, ಕೊನೆಯ 10 ಎಂದರೆ ನೂರರ ಆಸುಪಾಸಿನ ಕುದುರೆ ಶಕ್ತಿ. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 1954ರಲ್ಲಿ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿದರು. ಆ ಒಪ್ಪಂದ 1969ರಲ್ಲಿ ಮುಗಿಯಿತು. ಆದರೆ ನಮ್ಮ ಕಡೆಯ ಹಳೇ ಡ್ರೈವರುಗಳು ಅದಾಗಿ ಎಷ್ಟೋ ವರ್ಷ ಟಾಟಾ ಗಾಡಿಯನ್ನು "ಬೆಂಜ್ ಲಾರಿ" ಎಂದೇ ಕರೆದರು. ಚಿಕ್ಕಪ್ಪನೂ ಹಾಗೇ. ಯಾರಾದರೂ ತಿದ್ದಲು ಹೋದರೆ, "ಹೆಸ್ರು ಯಾವ್ದಾದ್ರೇನು, ಘಾಟಿ ಹತ್ತುತ್ತೋ ಇಲ್ವೋ ಹೇಳು" ಎನ್ನುತ್ತಿದ್ದ.

ಆ ಗಾಡಿಗೆ ಬೇಕಾದದ್ದು ಡೀಸೆಲ್ಲು, ಗಾಳಿ, ಮತ್ತು ಸಿಲಿಂಡರಿನೊಳಗೆ ಗಾಳಿಯನ್ನು ಅದುಮುವ ಬಲ, ಇಷ್ಟೇ. ಕರೆಂಟು ಬೇಕಾದದ್ದು ಸೆಲ್ಫ್ ಹೊಡೆಯಲು ಮತ್ತು ಹೆಡ್‌ಲೈಟಿಗೆ. ಬ್ಯಾಟರಿ ವೀಕಾದ ದಿನಗಳಲ್ಲಿ ಚಿಕ್ಕಪ್ಪ ರಾತ್ರಿ ಗಾಡಿಯನ್ನು ಇಳಿಜಾರು ಹುಡುಕಿ ನಿಲ್ಲಿಸುತ್ತಿದ್ದ. ಬೆಳಿಗ್ಗೆ ಚಕ್ರದ ಕೆಳಗಿನ ಕಲ್ಲು ತೆಗೆದರೆ ಗಾಡಿ ತಾನೇ ಉರುಳುತ್ತಿತ್ತು. ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಗಡಗಡ ಎಂದು ಎದ್ದುಬಿಡುತ್ತಿತ್ತು. ಒಮ್ಮೆ ಎದ್ದಮೇಲೆ ಬ್ಯಾಟರಿಯನ್ನೇ ಕಿತ್ತರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಅದನ್ನು ನಿಲ್ಲಿಸಬೇಕಾದರೂ ಕೀಲಿ ತಿರುಗಿಸಿದರೆ ಆಗುತ್ತಿರಲಿಲ್ಲ. ಡ್ಯಾಷ್‌ಬೋರ್ಡಿನ ಕೆಳಗಿನ ಗುಬಟು ಹಿಡಿದು ಸ್ಟಾಪ್ ಕೇಬಲ್ ಎಳೆಯಬೇಕು, ಪಂಪು ಡೀಸೆಲ್ ಕೊಡುವುದನ್ನು ನಿಲ್ಲಿಸಬೇಕು.

ಆ ಪಂಪೇ ಗಾಡಿಯ ಜೀವ. ಡೀಸೆಲ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರಲು ಜರ್ಮನಿಯ ಬಾಷ್ ಕಂಪನಿ ಶುರುಮಾಡಿದ್ದು 1927ರಲ್ಲಿ. ಅದೇ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ ಹುಟ್ಟಿತು. ಆಡುಗೋಡಿಯ ಆ ಕಾರ್ಖಾನೆಯಿಂದ ಹೊರಟ ಪಂಪು ನಾಡಿನ ಲಾರಿ, ಟ್ರ್ಯಾಕ್ಟರುಗಳಲ್ಲೆಲ್ಲ ಕೂತಿತು. ಬೆಂಗಳೂರಿನಲ್ಲಿ ಮೈಕೋ ಲೇಔಟ್ ಎಂಬ ಬಡಾವಣೆಯೇ ಆಯಿತು. ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಚಿಕ್ಕಪ್ಪನಂಥವರಿಗೆ ಆ ಸುದ್ದಿ ತಲುಪಿತೋ ಇಲ್ಲವೋ, ಅವರ ಬಾಯಲ್ಲಿ ಅದು ಮೈಕೋ ಪಂಪಾಗಿಯೇ ಉಳಿಯಿತು.

ನಮ್ಮ ಕಡೆ ಆ ಪಂಪಿನ ವೈದ್ಯರೊಬ್ಬರಿದ್ದರು. ಎಲ್ಲರೂ ಅವರನ್ನು ಪಂಪ್ ಸಾಬರು ಎನ್ನುತ್ತಿದ್ದರು. ಬಾಕಿ ಗ್ಯಾರೇಜುಗಳೆಲ್ಲ ಎಣ್ಣೆ, ಮಸಿ, ಮಣ್ಣಾದರೆ ಅವರ ಪಂಪ್ ರೂಮು ಮಾತ್ರ ಚಪ್ಪಲಿ ಬಿಟ್ಟು ಹೋಗಬೇಕಾದ ಜಾಗ. ಒಂದು ಧೂಳಿನ ಕಣ ಪ್ಲಂಜರಿಗೆ ಸಿಕ್ಕರೂ ಕೆಲಸ ಕೆಟ್ಟಿತು ಎನ್ನುತ್ತಿದ್ದರು. ಗಾಡಿಯಿಂದ ಬಿಚ್ಚಿ ತಂದ ಪಂಪನ್ನು ಟೆಸ್ಟ್ ಬೆಂಚಿಗೆ ಕಟ್ಟಿ ತಿರುಗಿಸಿದರೆ ಆರು ಪೈಪುಗಳಿಂದ ಎಣ್ಣೆ ಆರು ಗಾಜಿನ ಕೊಳವೆಗಳಿಗೆ ಬೀಳುತ್ತಿತ್ತು. ಸಾಬರು ಮಂಡಿಯೂರಿ, ಕಣ್ಣನ್ನು ಎಣ್ಣೆಯ ಮಟ್ಟಕ್ಕೆ ತಂದು, ಆರನ್ನೂ ಒಂದೊಂದಾಗಿ ನೋಡುತ್ತಿದ್ದರು. ಮೂರನೆಯದು ಕೂದಲೆಳೆಯಷ್ಟು ಹೆಚ್ಚಿದ್ದರೆ ಬೆಂಚು ನಿಲ್ಲಿಸಿ, ಒಂದು ಸ್ಕ್ರೂ ಸಡಿಲಿಸಿ, ಕಾಣಿಸಿತೋ ಇಲ್ಲವೋ ಎಂಬಷ್ಟು ಸರಿಸಿ, ಕೊಳವೆ ಖಾಲಿ ಮಾಡಿ ಮತ್ತೆ ತಿರುಗಿಸುತ್ತಿದ್ದರು. ಆರೂ ಒಂದೇ ಗೆರೆಗೆ ಬಂದ ಮೇಲೆ ತಂತಿ ಪೋಣಿಸಿ ಸೀಸದ ಸೀಲು ಒತ್ತುತ್ತಿದ್ದರು. "ಇದನ್ನ ಯಾರಾರ ಕಿತ್ರೆ ನನ್ನತ್ರ ಬರ್ಬ್ಯಾಡ" ಎನ್ನುವುದು ಅವರ ಗ್ಯಾರಂಟಿ ಕಾರ್ಡು.

ಚಿಕ್ಕಪ್ಪನಿಗೆ ಇನ್ನೊಂದು ಅಭ್ಯಾಸವಿತ್ತು. 1210ರ ಕಿಲೋಮೀಟರ್ ಕೇಬಲ್ ನಾನು ಕಂಡಾಗಿನಿಂದ ತುಂಡಾಗಿಯೇ ಇತ್ತು. ಮುಳ್ಳು ಸೊನ್ನೆಯ ಮೇಲೆ ಮಲಗಿಬಿಟ್ಟಿತ್ತು. ಅದಕ್ಕೇ ಅವನು ಎಲ್ಲವನ್ನೂ ಬರೆಯುತ್ತಿದ್ದ. ಉದ್ದನೆಯ, ರಟ್ಟಿನ ಹೊದಿಕೆಯ ಲೆಕ್ಕದ ಪುಸ್ತಕ. ಸೀಟಿನ ಹಿಂದಿನ ಹಲಗೆಯ ಮೇಲೆ, ದೇವರ ಪಟದ ಪಕ್ಕ ಅದರ ಜಾಗ. ಭೀಮಸಮುದ್ರದಿಂದ ಅಡಿಕೆ, ಚಳ್ಳಕೆರೆಯಿಂದ ಎಣ್ಣೆ, ಬ್ಯಾಡಗಿಯಿಂದ ಮೆಣಸಿನಕಾಯಿ, ದಾವಣಗೆರೆಯಿಂದ ಮೆಕ್ಕೆಜೋಳ. ಎಷ್ಟು ಚೀಲ, ಎಷ್ಟು ಬಾಡಿಗೆ, ಎಷ್ಟು ಡೀಸೆಲ್, ಚೆಕ್‌ಪೋಸ್ಟಿನಲ್ಲಿ ಎಷ್ಟು ಕೊಟ್ಟ, ಎಲ್ಲ. ಅಂಚಿನಲ್ಲಿ ಸಣ್ಣಕ್ಷರದಲ್ಲಿ ಲೆಕ್ಕಕ್ಕೆ ಸೇರದ ಮಾತುಗಳು: "ಖಂಬಾಟ್ಕಿ ಘಾಟಿನಾಗೆ ಹೀಟ್ ಆತು, ನೀರು ಹಾಕಿ ಒಂದು ತಾಸು ಕುಂತೆ." "ಶಿರಾ ದಾಟಿದ ಮೇಲೆ ಮಳೆ, ತಾಡಪಾಲು ಹರೀತು." "ಕ್ಲೀನರ್ ಹುಡುಗನಿಗೆ ಜ್ವರ, ಕೊಲ್ಹಾಪುರದಾಗೆ ಡಾಕ್ಟ್ರಿಗೆ ತೋರಿಸ್ದೆ." ವ್ಯಾಕರಣವಿಲ್ಲ, ಪೂರ್ಣವಿರಾಮವಿಲ್ಲ. ಆದರೆ ಒಂದು ಟ್ರಿಪ್ಪೂ ತಪ್ಪಿರಲಿಲ್ಲ.

ಆಮೇಲೆ 2017 ಬಂತು. ಆ ಮಾರ್ಚ್ 29ರಂದು ಸುಪ್ರೀಂ ಕೋರ್ಟು, ಏಪ್ರಿಲ್ 1ರಿಂದ ಹೊಗೆ ನಿಯಮದ ಹಳೆಯ ಹಂತವಾದ ಬಿಎಸ್-3ರ ವಾಹನಗಳ ಮಾರಾಟ ಕೂಡದು ಎಂದಿತು. ಇನ್ನು ಮಾರುವುದೆಲ್ಲ ಬಿಎಸ್-4. ಹೊಗೆ ಕಡಿಮೆಯಾಗಬೇಕು; ಅದಕ್ಕಾಗಿ ಡೀಸೆಲ್ಲನ್ನು ಹನಿ ಹನಿ ಲೆಕ್ಕ ಹಾಕಿ, ಕ್ಷಣ ಕ್ಷಣಕ್ಕೆ ಅಳತೆ ಬದಲಿಸಿ ಸಿಲಿಂಡರಿಗೆ ಬಿಡಬೇಕು. ಸಾಬರ ಗಾಜಿನ ಕೊಳವೆಯಿಂದ ಆಗುವ ಕೆಲಸವಲ್ಲ ಅದು. ಭಾರೀ ಗಾಡಿಗಳಿಗೆ ಕಾಮನ್ ರೈಲ್ ಬಂತು, ಅದನ್ನು ಆಳಲು ಇಸಿಎಂ ಎಂಬ ಕಂಪ್ಯೂಟರ್ ಪೆಟ್ಟಿಗೆ ಬಂತು, ಹಲವು ಗಾಡಿಗಳಿಗೆ ಹೊಗೆ ತೊಳೆಯುವ ಯೂರಿಯಾ ಟ್ಯಾಂಕೂ ಬಂತು. ಆ ವರ್ಷವೇ ಚಿಕ್ಕಪ್ಪ 1210 ಅನ್ನು ಮಾರಿ ಹೊಸ ಗಾಡಿ ತಂದ. ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ. ಶೋರೂಮಿನ ಹುಡುಗ ಪೆಟ್ಟಿಗೆಯನ್ನು ತೋರಿಸಿ, ಎಂಜಿನ್ ಎಷ್ಟು ಗಂಟೆ ಓಡಿತು, ಎಷ್ಟು ಡೀಸೆಲ್ ಕುಡಿಯಿತು, ಗಾಡಿ ನಿಂತು ಎಂಜಿನ್ ಮಾತ್ರ ಎಷ್ಟು ಹೊತ್ತು ಓಡಿತು ಎಲ್ಲವೂ ಇದರಲ್ಲಿ ದಾಖಲಾಗುತ್ತದೆ ಎಂದನಂತೆ. ಚಿಕ್ಕಪ್ಪನಿಗೆ ಅದು ಬಹಳ ಹಿಡಿಸಿತು. ಸರ್ವಿಸಿಗೆ ಹೋದಾಗಲೆಲ್ಲ ಲ್ಯಾಪ್‌ಟಾಪಿನಲ್ಲಿ ಗಂಟೆ ತೋರಿಸಲು ಹೇಳುತ್ತಿದ್ದ. ನಿಂತು ಓಡಿದ ಗಂಟೆ ನೋಡಿ, "ಇಷ್ಟೂ ಗೋಡೌನ್ ಬಾಗ್ಲಾಗೆ ಕಾದಿದ್ದು ಕಣಪ್ಪಾ" ಎಂದು ನಗುತ್ತಿದ್ದ. ಪುಸ್ತಕ ಬರೆಯುವುದನ್ನು ಬಿಟ್ಟ. ಕೇಳಿದ್ದಕ್ಕೆ, "ಅದೇ ಬರ್ಕಂತೈತಲ್ಲ, ನಾನ್ಯಾಕೆ ಬರೀಲಿ" ಎಂದ.

ಅವನು ಹೋದ ಮೇಲೆ ಲಾರಿ ಮನೆ ಹಿಂದಿನ ಹುಣಸೆಮರದ ಕೆಳಗೆ ನಿಂತಿತು. ಒಂದು ಮಳೆಗಾಲ ಹಾಗೇ ಕಳೆಯಿತು. ತಮ್ಮ, ಅಂದರೆ ಚಿಕ್ಕಪ್ಪನ ಮಗ, ಓಡಿಸಬೇಕು ಇಲ್ಲವೇ ಮಾರಬೇಕು ಎಂದು ತೀರ್ಮಾನಿಸಿದ. ಎರಡಕ್ಕೂ ಗಾಡಿ ಮೊದಲು ಸ್ಟಾರ್ಟ್ ಆಗಬೇಕು. ಎರಡೂ ಬ್ಯಾಟರಿ ಚಾರ್ಜ್ ಮಾಡಿಸಿ ತಂದು ಹಾಕಿದೆವು. ಕೀಲಿ ತಿರುಗಿಸಿದರೆ ಸೆಲ್ಫ್ ಜೋರಾಗಿಯೇ ತಿರುಗಿತು. ಎಂಜಿನ್ ಮಾತ್ರ ಹಿಡಿಯಲಿಲ್ಲ. ಟ್ಯಾಂಕು ನೋಡಿದೆವು, ಫಿಲ್ಟರಿನ ಕೆಳಗಿನ ನೀರು ಬಿಟ್ಟೆವು, ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದೆವು. ಊಹೂಂ.

ಪಂಪ್ ಸಾಬರು ಆಗಲೇ ಬಾಗಿಲು ಹಾಕಿ ಮನೆಯಲ್ಲಿದ್ದರು. ಹೇಳಿ ಕಳಿಸಿದರೆ ಮೊಮ್ಮಗನ ಸ್ಕೂಟರಿನಲ್ಲಿ ಬಂದರು. ಬಾನೆಟ್ಟಿನ ಕಡೆ ಹೋಗಲಿಲ್ಲ. ನೇರ ಸೈಲೆನ್ಸರ್ ಹತ್ತಿರ ಹೋಗಿ ಕೂತರು. "ಸೆಲ್ಫ್ ಹೊಡಿ" ಎಂದರು. ತಮ್ಮ ಹೊಡೆದ. ಸಾಬರು ಅಂಗೈಯನ್ನು ಸೈಲೆನ್ಸರ್ ಬಾಯಿಗೆ ಅಡ್ಡ ಹಿಡಿದು, ತೆಗೆದು ಮೂಸಿದರು. "ಹೊಗೆ ಇಲ್ಲ. ಬಿಳಿ ಹೊಗೇನೂ ಇಲ್ಲ. ವಾಸ್ನೆ ಸೈತ ಇಲ್ಲ. ಒಳಗೆ ಡೀಸೆಲ್ಲೇ ಬೀಳ್ತಿಲ್ಲ" ಎಂದರು. ಆ ಮಾತು ನೂರಕ್ಕೆ ನೂರು ಸರಿ. ಡೀಸೆಲ್ ಬಿದ್ದು ಉರಿಯದಿದ್ದರೆ ಬಿಳಿ ಹೊಗೆ ಬರಬೇಕು. ಏನೂ ಬರದಿದ್ದರೆ ಡೀಸೆಲ್ ಚಿಮ್ಮಿಸುವ ನಾಜಲ್ ತೆರೆಯುತ್ತಲೇ ಇಲ್ಲ. ಆದರೆ ಹಳೆಯ ಗಾಡಿಯಾಗಿದ್ದರೆ ಇಲ್ಲಿಂದ ಮುಂದೆ ಸಾಬರ ಕೆಲಸ ಶುರುವಾಗಬೇಕಿತ್ತು. ಈ ಗಾಡಿಯಲ್ಲಿ ಅದು ಇಲ್ಲಿಗೇ ಮುಗಿಯಿತು. ನಾಜಲ್ ತೆರೆಯಬೇಕೆಂದು ಹೇಳಬೇಕಾದವನು ಒಂದು ಅಲ್ಯುಮಿನಿಯಂ ಪೆಟ್ಟಿಗೆಯೊಳಗೆ ಕೂತಿದ್ದ. ಸಾಬರು ಪೆಟ್ಟಿಗೆಯನ್ನು ಒಮ್ಮೆ ತಟ್ಟಿ ನೋಡಿ, "ಇದರ ಹುಡ್ಗನ್ನ ಕರ್ಸಪ್ಪಾ" ಎಂದು ಟೀ ಕುಡಿದು ಹೋದರು.

ಆ ಹುಡುಗ ಚಿತ್ರದುರ್ಗದಿಂದ ಬಂದ. ಬೆನ್ನಿನ ಚೀಲದಲ್ಲಿ ಲ್ಯಾಪ್‌ಟಾಪು, ಸ್ಕ್ಯಾನರು, ಒಂದು ಮೀಟರು, ವೈರು ಬೆಸೆದ ಒಂದು 24 ವೋಲ್ಟಿನ ಬಲ್ಬು. ನಾನು ಅವನನ್ನು ಕಂಡು ಕೊಂಚ ಮುಖ ಗಂಟಿಕ್ಕಿಕೊಂಡಿದ್ದೆ. ಕೆಲಸ ನೋಡುತ್ತ ನೋಡುತ್ತ ಗಂಟು ಬಿಚ್ಚಿತು. ಮೊದಲು ಕೀಲಿ ಆನ್ ಮಾಡಿ ಡ್ಯಾಷ್‌ಬೋರ್ಡ್ ನೋಡಿದ. ಎಂಜಿನ್ ಚೆಕ್ ಲೈಟು ಒಂದೆರಡು ಸೆಕೆಂಡು ಹತ್ತಿ ಆರಬೇಕು. ಅದು ಹತ್ತಲೇ ಇಲ್ಲ. ಸ್ಕ್ಯಾನರ್ ಹಾಕಿದ. ಬೇರೆ ಭಾಗಗಳು ಉತ್ತರ ಕೊಟ್ಟವು, ಎಂಜಿನ್ ಪೆಟ್ಟಿಗೆ ಕೊಡಲಿಲ್ಲ. "ಪೆಟ್ಟಿಗೆ ಹೋಗೈತೆ ಅಂತ ಈಗ್ಲೇ ಹೇಳಾಕಾಗಲ್ಲ ಸಾರ್, ಅದಕ್ಕೆ ಕರೆಂಟ್ ಬರ್ತಿಲ್ದೇನೂ ಇರ್ಬಹುದು" ಎಂದ. ಫ್ಯೂಸು, ರಿಲೇ ನೋಡಿದ. ಕನೆಕ್ಟರ್ ಕಿತ್ತು, ಕರೆಂಟಿನ ಪಿನ್ನಿಗೂ ಅರ್ಥಿಂಗ್ ಪಿನ್ನಿಗೂ ಆ ಬಲ್ಬನ್ನು ಹಿಡಿದ. ಮೀಟರ್ ಇದ್ದೂ ಬಲ್ಬು ಯಾಕೆ ಎಂದೆ. ವೈರಿನೊಳಗೆ ಒಂದೇ ಎಳೆ ಉಳಿದಿದ್ದರೂ ಮೀಟರು 24 ವೋಲ್ಟ್ ತೋರಿಸಿಬಿಡುತ್ತದೆ, ಬಲ್ಬಾದರೆ ಭಾರ ಹೊರಲಾಗದೆ ಮಂಕಾಗುತ್ತದೆ ಎಂದ. ಬಲ್ಬು ಚೆನ್ನಾಗಿಯೇ ಉರಿಯಿತು.

ಆಮೇಲೆ ಸೆನ್ಸರುಗಳ ಸರದಿ. ಅವಕ್ಕೆಲ್ಲ ಪೆಟ್ಟಿಗೆಯಿಂದ 5 ವೋಲ್ಟ್ ಹೋಗಬೇಕು. ಯಾವುದಾದರೂ ಒಂದು ಸೆನ್ಸರ್ ಒಳಗೇ ಶಾರ್ಟ್ ಆಗಿದ್ದರೆ ಆ 5 ವೋಲ್ಟನ್ನು ನುಂಗಿ, ಒಳ್ಳೆಯ ಪೆಟ್ಟಿಗೆಯನ್ನೂ ಮೂಕ ಮಾಡಿಬಿಡುತ್ತದಂತೆ. ಎಷ್ಟೋ ಜನ ಹತ್ತಿಪ್ಪತ್ತು ರೂಪಾಯಿಯ ವೈರಿನ ತಪ್ಪಿಗೆ ಪೆಟ್ಟಿಗೆಯನ್ನೇ ಬದಲಿಸಿದ್ದಾರೆ ಎಂದ. ಹಾಗಾಗಿ ಸೆನ್ಸರುಗಳನ್ನು ಒಂದೊಂದಾಗಿ ಕಿತ್ತು, ಪ್ರತಿ ಸಲವೂ ಮೀಟರ್ ನೋಡಿದ. ಎಲ್ಲವನ್ನೂ ಕಿತ್ತ ಮೇಲೂ 5 ವೋಲ್ಟ್ ಬರಲಿಲ್ಲ. ಆಗ ಮೊಬೈಲಿನ ಟಾರ್ಚು ಹಾಕಿ ಕನೆಕ್ಟರಿನ ಒಳಗೆ ನೋಡಿ, "ಬನ್ನಿ ಸಾರ್" ಎಂದು ಕರೆದ. ಸಾಲು ಪಿನ್ನುಗಳಲ್ಲಿ ಒಂದು ಮೂಲೆಯವು ಹಸಿರುಗಟ್ಟಿದ್ದವು. ಅವುಗಳ ಬುಡದಲ್ಲಿ ಉಪ್ಪಿನಂಥ ಬಿಳಿ ಪುಡಿ. ಯೂರಿಯಾ ನೀರು ಎಲ್ಲೋ ಒಂದು ಕನೆಕ್ಟರಿನಲ್ಲಿ ಸೋರಿದರೆ ವೈರಿನೊಳಗಿನ ತಾಮ್ರದ ಎಳೆಗಳ ನಡುವೆಯೇ ಹರಿದು ದೂರದ ಪೆಟ್ಟಿಗೆಯವರೆಗೂ ಹೋಗುತ್ತದೆ, ಹೋದ ದಾರಿಯನ್ನೆಲ್ಲ ತಿನ್ನುತ್ತದೆ. ಹೊಗೆ ತೊಳೆಯಲೆಂದು ಹಾಕಿದ ನೀರು ಪೆಟ್ಟಿಗೆಯ ಬುದ್ಧಿಯನ್ನೂ ತೊಳೆದಿತ್ತು.

ಗುಜರಿಯಲ್ಲಿ ಸಿಗುವ ಪೆಟ್ಟಿಗೆ ಹಾಕಬಹುದೇ ಎಂದು ತಮ್ಮ ಕೇಳಿದ. ಪಾರ್ಟ್ ನಂಬರ್ ಒಂದಕ್ಷರವೂ ಬೇರೆಯಿರಬಾರದು, ಬೇರೆ ಗಾಡಿಯ ಲೆಕ್ಕ ಅದರೊಳಗೆ ಕೂತಿರುತ್ತದೆ, ಬೀಗದ ಕೋಡು ಬೇರೆ ಎಂದು ಹುಡುಗ ಬೇಡವೆಂದ. ಹೊಸದನ್ನೇ ತರಿಸಿದೆವು, ಎರಡು ಹೊಸ ಟೈರಿನ ಬೆಲೆಗಿಂತ ಹೆಚ್ಚೇ ಬಿತ್ತು. ಸೋರುತ್ತಿದ್ದ ಜಾಗ ಹುಡುಕಿ, ತಿಂದುಹೋದ ವೈರುಗಳನ್ನು ಬದಲಿಸಿದ. ಅದನ್ನು ಮಾಡದೆ ಹೊಸ ಪೆಟ್ಟಿಗೆ ಕೂಡಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಕೊನೆಗೆ ಇಂಜೆಕ್ಟರುಗಳ, ಅಂದರೆ ಡೀಸೆಲ್ ಚಿಮ್ಮಿಸುವ ಆ ನಾಜಲ್‌ಗಳ ಕೋಡು. ಪ್ರತಿ ಇಂಜೆಕ್ಟರಿನ ತಲೆಯ ಮೇಲೂ ಕಾರ್ಖಾನೆಯಲ್ಲೇ ಕೆತ್ತಿದ ಅಕ್ಷರ, ಅಂಕೆಗಳಿರುತ್ತವೆ. ಯಾವುದು ಎಷ್ಟು ಹೆಚ್ಚು, ಎಷ್ಟು ಕಡಿಮೆ ಡೀಸೆಲ್ ಬಿಡುತ್ತದೆ ಎಂಬ ಅದರದರ ಸ್ವಭಾವ ಅದು. ಅವನ್ನೆಲ್ಲ ಹೊಸ ಪೆಟ್ಟಿಗೆಗೆ ಬರೆಯಬೇಕು. ಹುಡುಗ ಚಿಂದಿಯಿಂದ ಮಸಿ ಒರೆಸಿ, ಮೂಗು ತಾಗುವಷ್ಟು ಬಾಗಿ, ಒಂದೊಂದೇ ಅಕ್ಷರ ಓದಿ ಹೇಳಿದ. ನಾನು ಕಾಗದದ ಮೇಲೆ ಬರೆದುಕೊಂಡೆ. ಅವನ ಭಂಗಿ ನೋಡಿ ನನಗೆ ಸಾಬರು ಮಂಡಿಯೂರಿ ಕೂತದ್ದು ಕಣ್ಣಿಗೆ ಕಟ್ಟಿತು. ಆರು ಸಿಲಿಂಡರನ್ನು ಒಂದು ಸಮಕ್ಕೆ ತರುವ ಕೆಲಸವೇ ಇದೂ. ಕೈ ಬದಲಾಗಿದೆ, ಶ್ರದ್ಧೆ ಬದಲಾಗಿಲ್ಲ.

ಬದಲಾದದ್ದು ಬೇರೆ. ಅಷ್ಟು ಹೊತ್ತು ಗಾಡಿ ಬಿಚ್ಚಿಕೊಂಡು ನಿಂತಿದ್ದರೂ ಒಬ್ಬರೂ ಹತ್ತಿರ ಬರಲಿಲ್ಲ. ಬೀದಿಯಲ್ಲಿ ಹೋಗುವವರು ನೋಡಿದರು, ಹೋದರು. ಲ್ಯಾಪ್‌ಟಾಪಿನ ಪರದೆಗೆ ಬಿಸಿಲು ಬೀಳದಂತೆ ತಮ್ಮ ಪಂಚೆ ಅಡ್ಡ ಹಿಡಿದಿದ್ದ. ಆ ಪಂಚೆಯ ಮರೆಯಲ್ಲಿ ನಡೆಯುತ್ತಿದ್ದುದರ ಬಗ್ಗೆ ಸುಳ್ಳೋ ನಿಜವೋ ಒಂದು ಮಾತು ಹೇಳಲು ಯಾರಿಗೂ ಎಡೆಯಿರಲಿಲ್ಲ.

ಎಲ್ಲ ಸಿದ್ಧವಾದ ಮೇಲೆ ನಾನು ಕೇಳಿದೆ: "ಹಳೇ ಪೆಟ್ಟಿಗೆಯಲ್ಲಿ ಎಂಜಿನ್ ಗಂಟೆ ಇತ್ತಲ್ಲ, ಅದನ್ನ ಇದಕ್ಕೆ ತರೋಕಾಗುತ್ತಾ?"

"ಅದು ಮಾತಾಡಿದ್ರೆ ತೆಗೀಬಹುದಿತ್ತು ಸಾರ್. ಸತ್ತೋಗೈತಲ್ಲ."

ಕೀಲಿ ತಿರುಗಿಸಿದ. ಚೆಕ್ ಲೈಟು ಹತ್ತಿತು, ಆರಿತು. ಸೆಲ್ಫ್ ಹೊಡೆದ ಕೂಡಲೇ ಎಂಜಿನ್ ಹಿಡಿಯಿತು. ಹುಡುಗ ಪರದೆಯನ್ನು ನನ್ನ ಕಡೆ ತಿರುಗಿಸಿದ. ಎಂಜಿನ್ ಗಂಟೆ: ಸೊನ್ನೆ. ನಿಂತು ಓಡಿದ ಗಂಟೆ: ಸೊನ್ನೆ. ಒಟ್ಟು ಡೀಸೆಲ್: ಸೊನ್ನೆ. ಕಿಲೋಮೀಟರ್ ಮಾತ್ರ ಡ್ಯಾಷ್‌ಬೋರ್ಡಿನ ಮೀಟರಿನಲ್ಲಿ ಉಳಿದಿತ್ತು, ಒಂದೇ ಒಂದು ಸಂಖ್ಯೆಯಾಗಿ. ಎಲ್ಲಿಗೆ, ಯಾವ ಮಳೆಯಲ್ಲಿ, ಯಾರ ಜೊತೆ ಎಂಬುದು ಅದರಲ್ಲಿಲ್ಲ.

ಸಂಜೆ ಚಿಕ್ಕಮ್ಮ ಟ್ರಂಕು ತೆಗೆದು ಪುಸ್ತಕಗಳನ್ನು ತೋರಿಸಿದಳು. 1210ರ ಕಾಲದವೆಲ್ಲ ದಾರ ಕಟ್ಟಿ ಜೋಡಿಸಿಟ್ಟಿದ್ದಳು. ಯಾವುದೋ ಒಂದನ್ನು ತೆರೆದೆ. ಶಿರಾದ ಮಳೆ, ಹರಿದ ತಾಡಪಾಲು, ಜ್ವರದ ಹುಡುಗ ಎಲ್ಲರೂ ಇದ್ದರು. ಕೊನೆಯ ಪುಸ್ತಕ 2017ರಲ್ಲಿ ಅರ್ಧಕ್ಕೆ ನಿಂತಿತ್ತು. ಉಳಿದ ಹಾಳೆಗಳಲ್ಲಿ ಗೆರೆಗಳು ಮಾತ್ರ. ಚಿಕ್ಕಪ್ಪ ಗಾಡಿ ಓಡಿಸಿದ ಕೊನೆಯ ವರ್ಷಗಳ ಬಗ್ಗೆ ನಮ್ಮಲ್ಲಿ ಈಗ ಒಂದು ಸಾಲೂ ಇಲ್ಲ. ಮೀಟರ್ ಕೆಟ್ಟ ಗಾಡಿಯ ಬದುಕು ಪೂರ್ತಿ ಉಳಿಯಿತು. ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ ಗಾಡಿಯ ಬದುಕು ಹೋಯಿತು.

ಇದಕ್ಕೆ ಪೆಟ್ಟಿಗೆಯನ್ನು ಬೈದು ಫಲವಿಲ್ಲ. 1210ರ ಕರೀ ಹೊಗೆಯನ್ನು ನಾನು ಮರೆತಿಲ್ಲ. ಆ ಕಾಲದ ಘಾಟಿಗಳಲ್ಲಿ ಲಾರಿಯ ಹಿಂದೆ ಬಸ್ಸು ಸಿಕ್ಕಿಕೊಂಡರೆ ಒಳಗೆ ಕೂತವರೆಲ್ಲ ಸೆರಗು, ಕರವಸ್ತ್ರ ಮೂಗಿಗೆ ಹಿಡಿಯುತ್ತಿದ್ದರು. ಹೊಸ ಗಾಡಿಯ ಬಗ್ಗೆ ಚಿಕ್ಕಪ್ಪನೇ, "ಇದರಾಗೆ ಕುಂತ್ರೆ ಸೊಂಟ ನೋಯಲ್ಲ ಕಣೋ" ಎಂದಿದ್ದ. 2020ರಿಂದ ಬಂದ ಬಿಎಸ್-6 ಗಾಡಿಗಳು ಇನ್ನೂ ಶುಭ್ರ, ಇನ್ನೂ ಹೆಚ್ಚು ಸೆನ್ಸರು. ಅದು ಹಿಂದಕ್ಕೆ ಹೋಗುವ ದಾರಿಯಲ್ಲ, ಹೋಗಲೂ ಬಾರದು. ಪೆಟ್ಟಿಗೆ ತನ್ನ ಕೆಲಸ ತಾನು ಮಾಡಿತು. ಅದಕ್ಕೆ ಎಂಜಿನ್ ಓಡಿಸಲು ಬರುತ್ತದೆ, ಗಂಟೆ ಎಣಿಸಲು ಬರುತ್ತದೆ. ಮನುಷ್ಯನ ದಿನಗಳನ್ನು ಕಾಪಾಡುವ ಕೆಲಸವನ್ನು ಅದಕ್ಕೆ ವಹಿಸಿದವರು ನಾವು.

ಮನೆಯಲ್ಲಿ ಇಂಥ ಗಾಡಿ ಇರುವವರು ಕೆಲವನ್ನು ಮಾಡಿಟ್ಟುಕೊಳ್ಳಿ. ಚಾಸಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಟರ್ಮಿನಲ್ಲೂ ಪೆಟ್ಟಿಗೆಯ ಕನೆಕ್ಟರೂ ಕಳಚಿಸಿ. ವಾಟರ್ ಸರ್ವಿಸ್ ಮಾಡುವ ಹುಡುಗನಿಗೆ ಪೆಟ್ಟಿಗೆಯ ಮೇಲೆ ನೀರು ಹೊಡೆಯಬೇಡ ಎಂದು ಹೇಳಿ. ಗಾಡಿ ಚೆನ್ನಾಗಿ ಓಡುತ್ತಿರುವಾಗಲೇ ಇಂಜೆಕ್ಟರುಗಳ ಕೋಡನ್ನೂ ಎಂಜಿನ್ ಗಂಟೆಯನ್ನೂ ಒಂದು ಹಾಳೆಯಲ್ಲಿ ಬರೆಸಿ ಆರ್‌ಸಿ ಜೊತೆ ಇಡಿ. ಮತ್ತು ಓಡಿಸುವವರ ಕೈಗೆ ಒಂದು ನೋಟುಪುಸ್ತಕ, ಒಂದು ಪೆನ್ನು ಕೊಡಿ. ಗಾಡಿಯೇ ಎಲ್ಲ ಬರೆದುಕೊಳ್ಳುತ್ತದೆ, ಬೇಡ ಎನ್ನುತ್ತಾರೆ. ಆದರೂ ಕೊಡಿ.